ಟವರ್ ಬಂದರೂ ಇಂಟರ್ನೆಟ್ ಯಾಕೆ ಬರಲಿಲ್ಲ?

ಬಡ ದೇಶಗಳ ದೂರಸಂಪರ್ಕದ ಸ್ಥಿತಿ ಪರಿಶೀಲಿಸಿದ ಮೇಟ್‌ಲ್ಯಾಂಡ್ ಆಯೋಗದ, 1985ರಲ್ಲಿ ಬೆಳಕಿಗೆ ಬಂದ ವರದಿಯಲ್ಲಿ ಒಂದು ಮಾತಿತ್ತು: ಇಡೀ ಆಫ್ರಿಕಾ ಖಂಡದಲ್ಲಿ ಇರುವುದಕ್ಕಿಂತ ಜಾಸ್ತಿ ಟೆಲಿಫೋನುಗಳು ಟೋಕಿಯೊ ಒಂದರಲ್ಲೇ ಇವೆ. ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಯಾಕೆಂದರೆ ಹತ್ತು ವರ್ಷ ಕಳೆದು ಇಂಟರ್ನೆಟ್ ಮನೆಮನೆಗೆ ಹೊರಟಾಗ, ಅದು ಹತ್ತಿ ಬಂದದ್ದು ಅದೇ ಫೋನ್ ತಂತಿಯನ್ನು. ತಂತಿಯೇ ಇಲ್ಲದ ಊರಿಗೆ ಅದು ಹೇಗೆ ತಾನೇ ಬರಬೇಕು?

ಕೆನ್ಯಾದ ಕಥೆ ನೋಡಿ. ಸಮುದ್ರದಡಿಯ ಫೈಬರ್ ಕೇಬಲ್ ಅಲ್ಲಿಗೆ ತಲುಪಿದ್ದು 2009ರಲ್ಲಿ. ಅಲ್ಲಿಯವರೆಗೆ ಹೊರಜಗತ್ತಿನ ಸಂಪರ್ಕಕ್ಕೆ ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳೇ ಗತಿ. ನಿಧಾನ, ಜೊತೆಗೆ ವಿಪರೀತ ದುಬಾರಿ. ಒಂದೇ ಊರಿನ ಇಬ್ಬರು ಬೇರೆ ಬೇರೆ ಕಂಪನಿಯ ಸಂಪರ್ಕ ಪಡೆದಿದ್ದರೆ, ಒಬ್ಬರ ಇಮೇಲ್ ವಿದೇಶಕ್ಕೆ ಹೋಗಿ ಮರಳಿ ಪಕ್ಕದ ಬೀದಿಗೆ ಬರಬೇಕಿತ್ತು! 2000ದ ಕೊನೆಯಲ್ಲಿ ಅಲ್ಲಿನ ಇಂಟರ್ನೆಟ್ ಕಂಪನಿಗಳು ಸೇರಿ, ಒಳಗಿನ ಸಂದೇಶ ಒಳಗೇ ದಾಟಲೆಂದು ನೈರೋಬಿಯಲ್ಲಿ ಒಂದು ವಿನಿಮಯ ಕೇಂದ್ರ ತೆರೆದವು. ಆಗ ಏಕಸ್ವಾಮ್ಯ ಹೊಂದಿದ್ದ ಟೆಲ್ಕಾಂ ಕೆನ್ಯಾ ದೂರು ಕೊಟ್ಟಿತು. ಕೇಂದ್ರಕ್ಕೆ ಬೀಗ ಬಿತ್ತು. ಮತ್ತೆ ತೆರೆದದ್ದು 2002ರಲ್ಲಿ. ಬಡ ದೇಶ, ಹಾಗಾಗಿ ಹಿಂದುಳಿಯಿತು ಎಂದು ಸುಮ್ನೆ ಹೇಳಿಬಿಡುತ್ತೇವೆ, ಅಲ್ವಾ? ಇಲ್ಲಿ ದಾರಿ ಮುಚ್ಚಿದ್ದು ಒಂದು ಆದೇಶ.

ಚಾಡ್, ನೈಜರ್, ಮಲಾವಿಗಳಿಗೆ ಸಮುದ್ರವೇ ಇಲ್ಲ. ಅಲ್ಲಿನ ಕೇಬಲ್ ನೆರೆಯ ದೇಶ ದಾಟಿಯೇ ಬರಬೇಕು, ದಾಟುವ ಖರ್ಚು ಕೊನೆಗೆ ಬಳಸುವವರ ತಲೆಗೇ. ಕರಾವಳಿ ಇದ್ದವರಿಗೂ ನೆಮ್ಮದಿಯಿಲ್ಲ. 2024ರ ಮಾರ್ಚ್‌ನಲ್ಲಿ ಐವರಿ ಕೋಸ್ಟ್ ಬಳಿ ನಾಲ್ಕು ಕೇಬಲ್‌ಗಳು ಒಟ್ಟಿಗೇ ಕೆಟ್ಟಾಗ ಪಶ್ಚಿಮ ಆಫ್ರಿಕಾದ ಹಲವು ದೇಶಗಳ ಸಂಪರ್ಕ ಕುಸಿಯಿತು.

ಈಗ ಮೊಬೈಲ್ ಟವರ್‌ಗಳು ಬಂದಿವೆ. ಆದರೂ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ 2024ರ ಅಂದಾಜಿನಲ್ಲಿ 260 ಕೋಟಿ ಜನ ಇಂಟರ್ನೆಟ್‌ನಿಂದ ಹೊರಗಿದ್ದರು. ಶ್ರೀಮಂತ ದೇಶಗಳಲ್ಲಿ ಶೇ. 93ರಷ್ಟು ಜನ ಬಳಸಿದರೆ, ಅತಿ ಬಡ ದೇಶಗಳಲ್ಲಿ ಶೇ. 27 ಮಾತ್ರ. ಹೊರಗುಳಿದವರಲ್ಲಿ ಹೆಚ್ಚಿನವರು ಇರುವುದು ಸಿಗ್ನಲ್ ಸಿಗುವ ಜಾಗದಲ್ಲೇ! ಸ್ಮಾರ್ಟ್‌ಫೋನ್ ಕೊಳ್ಳಲು ದುಡ್ಡಿಲ್ಲ, ಚಾರ್ಜ್ ಮಾಡಲು ಕರೆಂಟಿಲ್ಲ, ತೆರೆದರೆ ತಮ್ಮ ಭಾಷೆಯಲ್ಲಿ ಓದಲು ಏನೂ ಇಲ್ಲ. ಮನೆಗೊಂದೇ ಫೋನಿದ್ದರೆ ಅದು ಬಹುಪಾಲು ಗಂಡಸಿನ ಜೇಬಿನಲ್ಲಿರುತ್ತದೆ. ಅವನು ಬೆಳಿಗ್ಗೆ ಹೊರಟ ಮೇಲೆ ಮನೆಯಲ್ಲಿ ಉಳಿದವರಿಗೆ ಇಂಟರ್ನೆಟ್ ಇಲ್ಲ. ಟವರ್‌ಗಳ ಲೆಕ್ಕದಲ್ಲಿ ಮಾತ್ರ ಆ ಮನೆಗೆ ಸಂಪರ್ಕ ಸಿಕ್ಕಾಗಿದೆ.