ಕತ್ತಲಲ್ಲಿ ಗೂಬೆ, ಮರಳಲ್ಲಿ ತೊರಕೆ

ಗವ್ವೆನ್ನುವ ಕತ್ತಲ ಕೋಣೆಯಲ್ಲಿ ಇಲಿ ಗಾತ್ರದ ಕಾಗದದ ಉಂಡೆಯನ್ನು ತರಗೆಲೆಗಳ ಮೇಲೆ ಸರಸರ ಎಳೆದರೆ ಕಣಜ ಗೂಬೆ ಅದರ ಮೇಲೆಯೇ ಎರಗುತ್ತದೆ. ಮರಳಲ್ಲಿ ಹೂತ ಎಲೆಕ್ಟ್ರೋಡುಗಳಿಗೆ ಮೀನಿನ ಮೈಯಿಂದ ಹೊಮ್ಮುವಷ್ಟೇ ಕ್ಷೀಣವಾದ ವಿದ್ಯುತ್ ಕೊಟ್ಟರೆ ಮುಳ್ಳು ತೊರಕೆ ಎಂಬ ಕಡಲ ಮೀನು ಅಲ್ಲಿಗೇ ಬಾಯಿ ಹಾಕುತ್ತದೆ. ಮೊದಲನೆಯದು ವಿಜ್ಞಾನಿ ರೋಜರ್ ಪೇನ್ ಅವರ ಪ್ರಯೋಗ, ಎರಡನೆಯದು ಇನ್ನೊಬ್ಬ ವಿಜ್ಞಾನಿ ಕಾಲ್ಮೈನ್ ಅವರದು. ಎರಡೂ 1971ರಲ್ಲಿ ಒಂದೇ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾದವು.

ಗೂಬೆಯ ಎಡಗಿವಿಯ ತೂತು ತುಸು ಮೇಲಿದ್ದು ಕೆಳಮುಖವಾಗಿದೆ, ಬಲಗಿವಿಯದು ಮೇಲ್ಮುಖ. ಹಾಗಾಗಿ ಕೆಳಗಿನ ಸದ್ದು ಎಡಗಿವಿಗೆ ಜೋರು, ಮೇಲಿನದು ಬಲಗಿವಿಗೆ ಜೋರು. ಎಡವೋ ಬಲವೋ ಎಂಬುದನ್ನು ಸದ್ದು ಯಾವ ಕಿವಿಗೆ ಮೊದಲು ತಲುಪಿತು ಎಂಬುದು ಹೇಳುತ್ತದೆ. ಈ ಅಂತರ ಸೆಕೆಂಡಿನ ಹತ್ತು ಸಾವಿರ ಭಾಗಗಳಲ್ಲಿ ಎರಡು ಮೂರನ್ನೂ ಮೀರದು. ಇಷ್ಟರಿಂದಲೇ ಗುರಿ ಒಂದೆರಡು ಡಿಗ್ರಿಯೊಳಗೆ ಸಿಗುತ್ತದೆ.

ತೊರಕೆಯ ಕಣ್ಣು ಬೆನ್ನಿನ ಮೇಲೆ, ಬಾಯಿ ಹೊಟ್ಟೆಯ ಕಡೆ. ತಿನ್ನುವುದನ್ನು ನೋಡುವ ಭಾಗ್ಯ ಅದಕ್ಕಿಲ್ಲ! ಬದಲಿಗೆ ಚರ್ಮದ ಸಣ್ಣ ರಂಧ್ರಗಳಿಂದ ಒಳಗೆ ಲೋಳೆ ತುಂಬಿದ ಕೊಳವೆಗಳು ಹೊರಟು, ತುದಿಯಲ್ಲಿ ವಿದ್ಯುತ್ ಗ್ರಹಿಸುವ ಪುಟ್ಟ ಗುಳ್ಳೆಗಳಂಥ ಬುರುಡೆಗಳಲ್ಲಿ ಕೊನೆಗೊಳ್ಳುತ್ತವೆ. 1678ರಲ್ಲಿ ಇವನ್ನು ವಿವರವಾಗಿ ಬಣ್ಣಿಸಿದ ಇಟಲಿಯ ವೈದ್ಯ ಲೊರೆಂಜಿನಿಯ ಹೆಸರೇ ಇವಕ್ಕೆ ಉಳಿದಿದೆ. ಕೊಳವೆ ಉದ್ದವಾದಷ್ಟೂ ಅದರ ಎರಡು ತುದಿಗಳ ನಡುವಿನ ವೋಲ್ಟೇಜ್ ವ್ಯತ್ಯಾಸ ಹೆಚ್ಚು. ಸೆಂಟಿಮೀಟರಿಗೆ 0.01 ಮೈಕ್ರೊವೋಲ್ಟ್‌ನಷ್ಟನ್ನೂ ತೊರಕೆ ಗುರುತಿಸಬಲ್ಲದು. 1.5 ವೋಲ್ಟ್ ಸೆಲ್ಲಿನ ಎರಡು ತುದಿಗಳನ್ನು 1,500 ಕಿಲೋಮೀಟರ್ ದೂರ ಎಳೆದರೆ ನಡುವೆ ಇಷ್ಟೇ ಉಳಿದೀತು. ಆದರೂ ಬೇಟೆಯ ಮೈಯಿಂದ ದೂರ ಹೋದಂತೆ ಸಂಕೇತ ಬಲುಬೇಗ ಸೋರಿಹೋಗುವುದರಿಂದ ಈ ಇಂದ್ರಿಯ ಕೊನೆಯ ಕೆಲವು ಗೇಣುಗಳಿಗಷ್ಟೇ ಉಪಯೋಗ.

ಇಷ್ಟು ಚುರುಕಾದ ಇಂದ್ರಿಯಕ್ಕೆ ದೊಡ್ಡ ತೊಡಕು ಬೇಟೆಯದಲ್ಲ, ತನ್ನದೇ ಮೈಯದು. ರೆಕ್ಕೆ ಬಡಿತದ ಸದ್ದಲ್ಲಿ ಇಲಿಯ ಸರಸರ ಮುಳುಗಬಾರದು. ಗೂಬೆಯ ರೆಕ್ಕೆಯ ಹೊರಗರಿಯ ಮುಂದಿನ ಅಂಚಿನಲ್ಲಿ ಬಾಚಣಿಗೆಯಂಥ ಹಲ್ಲುಗಳಿವೆ, ಗರಿಯ ಮೇಲ್ಮೈ ಮಖಮಲ್ಲಿನಂತೆ, ಹಿಂದಿನ ಅಂಚು ಕುಚ್ಚಿನಂತೆ. ಇದಕ್ಕೊಂದು ದಂಡವೂ ಇದೆ: ಮೆತ್ತನೆಯ ಗರಿ ಮಳೆಯಲ್ಲಿ ಬೇಗ ತೊಯ್ಯುತ್ತದೆ, ಮಳೆಯ ಸದ್ದಿನಲ್ಲಿ ಕಿವಿಯೂ ಕೆಲಸಕ್ಕೆ ಬಾರದು.

ತೊರಕೆಗೆ ಈ ದಾರಿಯಿಲ್ಲ. ಉಸಿರಾಡಿದಾಗಲೆಲ್ಲ ಅದರ ಮೈಯಿಂದಲೇ ವಿದ್ಯುತ್ ಏರಿಳಿಯುತ್ತದೆ. ಕಿವಿರು ನಿಲ್ಲಿಸಿದರೆ ಜೀವ ಉಳಿಯದು. ಆದರೆ ಉಸಿರಿನ ಏರಿಳಿತ ಎಲ್ಲ ಬುರುಡೆಗಳಿಗೂ ಹೆಚ್ಚುಕಡಿಮೆ ಒಂದೇ ಬಗೆಯಾಗಿ ತಲುಪುತ್ತದೆ. ಎಲ್ಲಕ್ಕೂ ಸಮಾನವಾದದ್ದನ್ನು ಹಿಮ್ಮೆದುಳಿನ ನರಕೋಶಗಳು ಕಳೆದುಬಿಡುತ್ತವೆ. ಉಳಿಯುವುದು ಒಂದು ಕಡೆ ಮಾತ್ರ ಕಾಣಿಸಿಕೊಂಡ ವ್ಯತ್ಯಾಸ: ಮರಳಿನಡಿ ಉಸಿರಾಡುತ್ತಿರುವ ಚಪ್ಪಟೆ ಮೀನು.