12 ವೋಲ್ಟ್ ಇದೆ, ಪಂಪ್ ಮಾತ್ರ ಓಡುತ್ತಿಲ್ಲ

ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಫ್ಯೂಯಲ್ ಪಂಪ್‌ಗೆ ಹೋಗುವ ವೈರಿಗೆ ಮೀಟರ್ ಹಚ್ಚಿ, 12 ವೋಲ್ಟ್ ಕಂಡೊಡನೆ ‘ಕರೆಂಟ್ ಬರ್ತಿದೆ, ಪಂಪೇ ಹೋಗಿದೆ’ ಎಂದುಬಿಡುವ ರೂಢಿ ಇದೆ. ಹೊಸ ಪಂಪ್ ಕೂರಿಸಿದ ಮೇಲೂ ಕಾರು ಸ್ಟಾರ್ಟ್ ಆಗದಿದ್ದಾಗ ತಪ್ಪು ಗೊತ್ತಾಗುತ್ತದೆ. ಅಷ್ಟರಲ್ಲಿ ಸಾವಿರಾರು ರೂಪಾಯಿ ಕೈಬಿಟ್ಟಿರುತ್ತದೆ. ಮೀಟರ್ ಸರಿಯಾಗಿಯೇ ತೋರಿಸಿತ್ತು, ಅದನ್ನು ಅರ್ಥಮಾಡಿಕೊಂಡದ್ದು ತಪ್ಪು.

ಡಿಜಿಟಲ್ ಮೀಟರಿನ ಒಳರೋಧ ಸಾಮಾನ್ಯವಾಗಿ 1 ಕೋಟಿ ಓಮ್. ಅದರೊಳಗೆ ಹರಿಯುವ ವಿದ್ಯುತ್ತು ಒಂದು ಆಂಪಿಯರ್‌ನ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೇ. ಪಂಪ್‌ಗೆ ಬೇಕಾದದ್ದು 4ರಿಂದ 8 ಆಂಪಿಯರ್. ದಾರಿಯಲ್ಲಿ ಕಿಲುಬು ಹಿಡಿದ ಪಿನ್ನೊಂದು 2 ಓಮ್ ರೋಧ ಒಡ್ಡುತ್ತಿದೆ ಎನ್ನಿ. 1 ಕೋಟಿಯ ಮುಂದೆ 2 ಯಾವ ಲೆಕ್ಕ? ಮೀಟರ್ ಪೂರ್ತಿ 12 ತೋರಿಸುತ್ತದೆ. ಆದರೆ ನಿಂತಿರುವ ಪಂಪ್ ಮೋಟರಿನ ರೋಧ 1 ಓಮ್ ಆಸುಪಾಸು. ಅದನ್ನು ಜೋಡಿಸಿದ ಕ್ಷಣ 8 ವೋಲ್ಟ್ ಕಿಲುಬಿನಲ್ಲೇ ಕಳೆದು, ಮೋಟರಿಗೆ 4 ಉಳಿಯುತ್ತದೆ.

ಸೇದುವ ಬಾವಿಯ ಹಗ್ಗವನ್ನು ನೆನೆಸಿಕೊಳ್ಳಿ. ಒಂದೇ ಎಳೆ ಉಳಿದಿದ್ದರೂ ಬರಿದೆ ನೇತುಬಿಟ್ಟಾಗ ಅದು ನೆಟ್ಟಗೇ ಇರುತ್ತದೆ. ತುಂಬಿದ ಕೊಡ ಎತ್ತುವಾಗ ಕಿತ್ತುಹೋಗುತ್ತದೆ. ತುಕ್ಕು ಕಟ್ಟಿದ ಪೈಪಿನ ನಲ್ಲಿ ಮುಚ್ಚಿದ್ದಾಗ ಒತ್ತಡಮಾಪಕ ಟ್ಯಾಂಕಿನ ಪೂರ್ತಿ ಒತ್ತಡ ತೋರಿಸುತ್ತದೆ, ತಿರುಗಿಸಿದರೆ ತೊಟ್ಟಿಕ್ಕುವ ನೀರು. ಲೈನಿನ ತುದಿಯ ತೋಟದಲ್ಲಿ ಪಂಪ್‌ಸೆಟ್ ಇಟ್ಟ ರೈತರಿಗಂತೂ ಇದನ್ನು ಬಿಡಿಸಿ ಹೇಳಬೇಕಿಲ್ಲ: ಬಲ್ಬು ಉರಿಯುತ್ತದೆ, ಮೋಟರು ಗುಂಯ್ ಎಂದು ನಿಲ್ಲುತ್ತದೆ.

ರೋಧದ ಅಳತೆಗೆ ತನ್ನ ಹೆಸರು ಕೊಟ್ಟ ಓಮ್ ಸ್ವತಃ ಈ ಸಂಗತಿಗೆ ಎಡವಿದ್ದ. ಜರ್ಮನಿಯ ಕೊಲೋನ್‌ನಲ್ಲಿ ಶಾಲಾ ಮೇಷ್ಟರಾಗಿದ್ದ ಗಿಯೋರ್ಗ್ ಓಮ್ ವೋಲ್ಟಾ ಕೋಶಗಳನ್ನಿಟ್ಟು (ಆ ಕಾಲದ ಬ್ಯಾಟರಿ) ಅಳೆಯಲು ಹೊರಟಾಗ, ತಂತಿ ಜೋಡಿಸಿದೊಡನೆ ಕೋಶದ ವೋಲ್ಟೇಜೇ ಕುಸಿಯುತ್ತಿತ್ತು. ಪೋಗೆಂಡಾರ್ಫ್ ಎಂಬ ವಿಜ್ಞಾನಿಯ ಸಲಹೆಯಂತೆ ಅವನು ಎರಡು ತುದಿಗಳ ಬಿಸಿಯ ವ್ಯತ್ಯಾಸದಿಂದ ವಿದ್ಯುತ್ತು ಕೊಡುವ, ಬಿಸ್ಮತ್ ಮತ್ತು ತಾಮ್ರದ ಉಷ್ಣಯುಗ್ಮಕ್ಕೆ ಬದಲಾಯಿಸಿಕೊಂಡ. ಒಂದು ತುದಿ ಕುದಿನೀರಲ್ಲಿ, ಇನ್ನೊಂದು ಮಂಜುಗಡ್ಡೆಯಲ್ಲಿ. ವೋಲ್ಟೇಜ್ ಕದಲಲಿಲ್ಲ, ನಿಯಮ ಕೈಗೆ ಸಿಕ್ಕಿತು. 1827ರಲ್ಲಿ ಪುಸ್ತಕ ಬಂದಾಗ ಅವನ ನಾಡಿನಲ್ಲಿ ಅದನ್ನು ಆದರಿಸಿದವರು ಕಡಿಮೆ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕ ಕೊಟ್ಟಿತು.

ಈಗ ಕಾರಿಗೆ ಬರೋಣ. ಕೀ ಆನ್ ಮಾಡಿ, ಹಿಂಬದಿ ಸೀಟಿನ ಹತ್ತಿರ ಕಿವಿಗೊಡಿ. 2–3 ಸೆಕೆಂಡು ಪಂಪ್ ಸದ್ದು ಮಾಡಿ ನಿಲ್ಲಬೇಕು. ಎಂಜಿನ್ ತಿರುಗುತ್ತಿರುವ ಸುದ್ದಿ ಬರದಿದ್ದರೆ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಪಂಪನ್ನು ನಿಲ್ಲಿಸುತ್ತದೆ. ಆದ್ದರಿಂದ ಕೀ ಹಾಕಿದಾಗ ಸದ್ದಿದ್ದು, ಸೆಲ್ಫ್ ಹೊಡೆಯುವಾಗ ಇಲ್ಲದಿದ್ದರೆ ಆ ಸುದ್ದಿ ಕೊಡುವ ಕ್ರಾಂಕ್ ಸೆನ್ಸರ್ ನೋಡಿ. ಚೆಕ್ ಎಂಜಿನ್ ದೀಪವೇ ಹತ್ತದಿದ್ದರೆ ಇಸಿಯುಗೇ ವಿದ್ಯುತ್ತು ಇಲ್ಲದಿರಬಹುದು, ಪಂಪಿನ ಮಾತು ಆಮೇಲೆ.

ಫ್ಯೂಸ್ ಹೋಗಿದ್ದರೆ ಅದೇ ಆಂಪಿಯರಿನದನ್ನೇ ಹಾಕಿ. ಮತ್ತೆ ಹೋದರೆ ವೈರ್ ಶಾರ್ಟ್ ಆಗಿದೆ ಅಥವಾ ಪಂಪ್ ಜಾಮ್ ಆಗಿದೆ. ಪಂಪಿಗೆ ವಿದ್ಯುತ್ತು ಬಿಡುವ ಸ್ವಿಚ್ಚಾದ ರಿಲೇ ‘ಟಿಕ್’ ಅಂದರೆ ಅದರ ಕಾಯಿಲ್ ಸರಿಯಿದೆ ಎಂದಷ್ಟೇ ಅರ್ಥ, ಒಳಗಿನ ಕಾಂಟ್ಯಾಕ್ಟ್ ಸುಟ್ಟಿರಬಹುದು. ಹಾರ್ನಿನದ್ದು ಅದೇ ನಂಬರಿನ ರಿಲೇ ಆಗಿದ್ದರೆ ಅದಲುಬದಲು ಮಾಡಿ ನೋಡಿ.

ಆಮೇಲೆ ರಿಲೇ ತೆಗೆದು, ಕೀ ಆನ್ ಇಟ್ಟು, ಸಾಕೆಟ್ಟಿನ 30 ಮತ್ತು 87 ಕಿಂಡಿಗಳಿಗೆ 15 ಆಂಪಿಯರ್ ಫ್ಯೂಸ್ ಇರುವ ವೈರ್ ಜೋಡಿಸಿ. (ಈ ಅಂಕಿಗಳು ಹಲವು ರಿಲೇಗಳ ಮೈಮೇಲೇ ಅಚ್ಚಾಗಿರುತ್ತವೆ. ಪಂಪಿಗೆ ಪ್ರತ್ಯೇಕ ಕಂಟ್ರೋಲ್ ಮಾಡ್ಯೂಲ್ ಇರುವ ಕಾರುಗಳಲ್ಲಿ ಈ ಕೆಲಸ ಬೇಡ.) ಪಂಪ್ ಓಡಿದರೆ ತೊಂದರೆ ರಿಲೇಯಲ್ಲಿ ಅಥವಾ ಅದಕ್ಕೆ ಬರುವ ಆಜ್ಞೆಯಲ್ಲಿ. ಓಡದಿದ್ದರೆ ಆ ವೈರನ್ನು ಬಿಚ್ಚಿಟ್ಟು, ಸೀಟಿನ ಕೆಳಗೆ ಪಂಪಿನ ಕನೆಕ್ಟರ್ ಕಳಚಿ.

ಇಲ್ಲಿ ಬೇಕಾದದ್ದು ಹೆಡ್‌ಲೈಟಿನ 60 ವಾಟ್ ಹಳೆಯ ಬಲ್ಬು. 12 ವೋಲ್ಟಿಗೆ ಅದು 5 ಆಂಪಿಯರ್ ಎಳೆಯುತ್ತದೆ, ಹೆಚ್ಚುಕಡಿಮೆ ಪಂಪಿನಷ್ಟೇ. ಕನೆಕ್ಟರಿನ ಎರಡು ದಪ್ಪ ವೈರುಗಳಿಗೆ ಉದ್ದನೆಯ ವೈರಿನಿಂದ ಬಲ್ಬನ್ನು ಸೇರಿಸಿ. ತೆಳು ವೈರುಗಳು ಪೆಟ್ರೋಲ್ ಮುಳ್ಳಿನವು, ಅವನ್ನು ಮುಟ್ಟಬೇಡಿ. ಬಲ್ಬು ಕಾರಿನ ಹೊರಗಿರಲಿ, ಟ್ಯಾಂಕ್ ಮುಚ್ಚಿರಲಿ. ಪೆಟ್ರೋಲ್ ಆವಿ ಗಾಳಿಯಲ್ಲಿ ಸುಮಾರು ಶೇಕಡಾ 1.4ರಿಂದ 7.6ರಷ್ಟಿದ್ದಾಗ ಮಾತ್ರ ಹೊತ್ತಿಕೊಳ್ಳುತ್ತದೆ. ಟ್ಯಾಂಕಿನೊಳಗೆ ಸಾಮಾನ್ಯವಾಗಿ ಅದಕ್ಕಿಂತ ದಟ್ಟ, ಹಾಗಾಗಿಯೇ ಪೆಟ್ರೋಲಿನಲ್ಲಿ ಮುಳುಗಿದ ಮೋಟರ್ ಬೆಂಕಿ ಹೊತ್ತಿಸುವುದಿಲ್ಲ. ಮುಚ್ಚಳ ತೆಗೆದರೆ ಗಾಳಿ ಬೆರೆತು ಲೆಕ್ಕ ಬದಲಾಗುತ್ತದೆ. ಪೆಟ್ರೋಲ್ ವಾಸನೆ ಬರುತ್ತಿದ್ದರೆ ಪರೀಕ್ಷೆಯನ್ನೇ ಮಾಡಬೇಡಿ.

ಬಲ್ಬು ಸೇರಿಸಿದ ಮೇಲೆ ಕೊನೆಗೆ ರಿಲೇ ಸಾಕೆಟ್ಟಿನ ವೈರ್ ಜೋಡಿಸಿ, ಕಿಡಿ ಹಾರಿದರೂ ಬಾನೆಟ್ಟಿನ ಬಳಿಯೇ ಹಾರಲಿ. ಬಲ್ಬು ಝಗ್ಗನೆ ಉರಿದರೆ ವೈರುಗಳೂ ಅರ್ಥೂ (ಬಾಡಿಗೆ ಸೇರುವ ನೆಗೆಟಿವ್ ದಾರಿ) ಸರಿ, ಕೆಟ್ಟದ್ದು ಪಂಪೇ. ಮಂಕಾಗಿದ್ದರೆ ಬಲ್ಬಿನ ನೆಗೆಟಿವ್ ಕಾಲನ್ನು ಬಾಡಿಯ ಒಳ್ಳೆಯ ಅರ್ಥಿಗೆ ಬದಲಿಸಿ. ಬೆಳಕು ಏರಿತೇ? ಹಾಗಾದರೆ ಪಂಪಿನ ಅರ್ಥ್ ಕೆಟ್ಟಿದೆ. ಮಂಕಾಗೇ ಇದ್ದರೆ, ಬಲ್ಬು ಉರಿಯುತ್ತಿರುವಾಗಲೇ ಬ್ಯಾಟರಿ ಪಾಸಿಟಿವ್ ಮತ್ತು ಕನೆಕ್ಟರಿನ ಪಾಸಿಟಿವ್ ನಡುವೆ ಮೀಟರ್ ಹಿಡಿಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಆ ವೋಲ್ಟೇಜ್ ವೈರಿನ ದಾರಿಯಲ್ಲಿ ಕಳೆದುಹೋಗುತ್ತಿದೆ.

ಬಹಳ ಸಲ ಅದು ಕಳೆದುಹೋಗುವುದು ಕನೆಕ್ಟರಿನಲ್ಲೇ. ಅರ್ಧ ಓಮ್ ರೋಧದ ಪಿನ್ನಿನಲ್ಲಿ 5 ಆಂಪಿಯರ್ ಹರಿದರೆ 12.5 ವಾಟ್ ಶಾಖ ಹುಟ್ಟುತ್ತದೆ. ರೇಡಿಯೊ ರಿಪೇರಿಯ 25 ವಾಟ್ ಸೋಲ್ಡರಿಂಗ್ ಕಡ್ಡಿಯ ಅರ್ಧದಷ್ಟು ಶಾಖ, ಪುಟ್ಟ ಪ್ಲಾಸ್ಟಿಕ್ಕಿನೊಳಗೆ, ಗಂಟೆಗಟ್ಟಲೆ. ಪ್ಲಾಸ್ಟಿಕ್ ಕರಗಿ ಪಿನ್ ಸಡಿಲವಾಗುತ್ತದೆ, ರೋಧ ಇನ್ನೂ ಏರುತ್ತದೆ. ಕಂದುಬಣ್ಣಕ್ಕೆ ತಿರುಗಿದ ಆ ಕನೆಕ್ಟರನ್ನು ಬದಲಿಸದೆ ಹೊಸ ಪಂಪ್ ಹಾಕಿದರೆ ಕೆಲವೇ ತಿಂಗಳಲ್ಲಿ ಅದೇ ದೂರು ಮರಳುತ್ತದೆ.

ಇನ್ನು ಟ್ಯಾಂಕಿನ ತಳ ತಟ್ಟುವ ಉಪಾಯ. ಬಲ್ಬು ಚೆನ್ನಾಗಿ ಉರಿದಿದ್ದರೆ ಸಾಕೆಟ್ಟಿನ ವೈರ್ ತೆಗೆದು, ರಿಲೇಯನ್ನೂ ಕನೆಕ್ಟರನ್ನೂ ಮತ್ತೆ ಸಿಕ್ಕಿಸಿ, ಕೀ ಆನ್ ಮಾಡುವಾಗಲೇ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಪಂಪ್ ಎದ್ದು ಓಡಿದರೆ ಮೋಟರಿನ ಕಾರ್ಬನ್ ಬ್ರಶ್ ಸವೆದಿರುವ ಸಾಧ್ಯತೆ ಹೆಚ್ಚು. ತಟ್ಟಿದ ಅದುರಿಗೆ ಅದು ಕಮ್ಯುಟೇಟರನ್ನು (ಮೋಟರಿನ ತಿರುಗುವ ಭಾಗದ ತುದಿ) ಮತ್ತೆ ಮುಟ್ಟಿದೆ. ಎಂಜಿನ್ ಸ್ಟಾರ್ಟ್ ಆದರೆ ಆಫ್ ಮಾಡದೆ ನೇರವಾಗಿ ವರ್ಕ್‌ಶಾಪಿಗೆ ಹೋಗಿ.