ವಿಸ್ತೀರ್ಣಕ್ಕೆ ಲೀಟರ್ ಲೆಕ್ಕವಿಲ್ಲ

‘1000 ಲೀಟರ್ ವಿಸ್ತೀರ್ಣದ ಟ್ಯಾಂಕ್ ಮಾರಾಟಕ್ಕಿದೆ.’ ಈ ವಾರ ಕಣ್ಣಿಗೆ ಬಿದ್ದ ಇಂಥ ಜಾಹೀರಾತುಗಳಲ್ಲಿ ಇದು ಮೂರನೆಯದು. ಟ್ಯಾಂಕು ಎಷ್ಟು ನೀರು ಹಿಡಿಯುತ್ತದೆ ಎಂಬುದಕ್ಕೆ ಘನಫಲ ಅನ್ನಿ, ಸಾಮರ್ಥ್ಯ ಅನ್ನಿ. ವಿಸ್ತೀರ್ಣ ಮಾತ್ರ ಅನ್ನಬೇಡಿ.

ಪದವನ್ನು ಬಿಡಿಸಿ ನೋಡಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ. ಸಂಸ್ಕೃತದ ‘ಸ್ತೄ’ ಧಾತುವಿಗೆ ಹರಡು, ಹೊದಿಸು ಎಂದು ಅರ್ಥ. ಹಾಸಿಗೆಗೆ ‘ಸಂಸ್ತರ’ ಎಂಬ ಹೆಸರಿರುವುದೂ ಅದರಿಂದಲೇ. ಅದೇ ಧಾತುವಿಗೆ ‘ವಿ’ ಸೇರಿ ಆದದ್ದು ವಿಸ್ತೀರ್ಣ, ಅಂದರೆ ಹರಡಿದ್ದು, ಹಾಸಿದ್ದು. ‘ಮೇಲ್ಮೈ’ ಅಚ್ಚಗನ್ನಡ: ಮೇಲಿನ ಮೈ. ಒಳಮೈ, ಹೊರಮೈ ಇದ್ದ ಹಾಗೆ. ಎರಡೂ ಸೇರಿದರೆ ‘ಮೇಲ್ಮೈ ವಿಸ್ತೀರ್ಣ’, ಅಂದರೆ ಮೈಮೇಲಿನ ಹೊದಿಕೆಯನ್ನು ಸುಲಿದು ನೆಲಕ್ಕೆ ಹಾಸಿದರೆ ಎಷ್ಟು ಜಾಗ ಹಿಡಿದೀತು ಎಂಬ ಲೆಕ್ಕ. ಸಿಲಿಂಡರಿನ ಮಟ್ಟಿಗೆ ಇದನ್ನು ಮಾಡಿಯೇ ನೋಡಬಹುದು. ಡಬ್ಬಿಗೆ ಸುತ್ತಿದ ಲೇಬಲ್ಲನ್ನು ನೆಟ್ಟಗೆ ಸೀಳಿ ಬಿಡಿಸಿ. ಸಿಗುವುದು ಆಯತ, ಒಂದು ಬದಿ ಡಬ್ಬಿಯ ಸುತ್ತಳತೆ, ಇನ್ನೊಂದು ಅದರ ಎತ್ತರ. 2πrh ಅಂದರೆ ಇಷ್ಟೇ: r ತ್ರಿಜ್ಯ, 2πr ಸುತ್ತಳತೆ, h ಎತ್ತರ. ಕಂಬಕ್ಕೆ ಟೇಪು ಸುತ್ತಿ, ಬಂದದ್ದನ್ನು ಎತ್ತರದಿಂದ ಗುಣಿಸಿ ಚದರಡಿ ಹೇಳುವ ಬಣ್ಣದ ಮೇಸ್ತ್ರಿಗೆ ಪೈ ಗೊಡವೆಯೇ ಇಲ್ಲ, ಲೆಕ್ಕವೂ ತಪ್ಪುವುದಿಲ್ಲ.

ತಪ್ಪುವವರು ಸೂತ್ರ ಬಾಯಿಪಾಠ ಮಾಡಿದವರು. 2πr(r+h) ಎಂಬ ‘ಪೂರ್ಣ ಮೇಲ್ಮೈ ವಿಸ್ತೀರ್ಣ’ದ ಸೂತ್ರವನ್ನು ಕಂಡಲ್ಲೆಲ್ಲ ಹಾಕುತ್ತಾರೆ. ಆ ‘ಪೂರ್ಣ’ದಲ್ಲಿ ತಲೆ, ತಳಗಳೆರಡೂ ಸೇರಿವೆ. ಸೂರಿಗೆ ತಾಗಿ ನಿಂತ ಕಂಬದ ತಲೆಗೆ ಯಾರು ಬಣ್ಣ ಬಳಿಯುತ್ತಾರೆ? ಕಂಬ ಉದ್ದ, ಸಪೂರ, ಆದ್ದರಿಂದ ತಪ್ಪು ಅಷ್ಟು ಎದ್ದು ಕಾಣುವುದಿಲ್ಲ. ಇಂಗುಗುಂಡಿಗೆ ಇಳಿಸುವ ಸಿಮೆಂಟ್ ರಿಂಗ್ ತೆಗೆದುಕೊಳ್ಳಿ. ಒಳ ಅಡ್ಡಗಲ 4 ಅಡಿ, ಎತ್ತರ 1 ಅಡಿ ಇದ್ದರೆ ಒಳಮೈ ಸುಮಾರು 12.6 ಚದರಡಿ. ‘ಪೂರ್ಣ’ದ ಸೂತ್ರ ಹಾಕಿದರೆ 37.7. ಮೂರು ಪಟ್ಟು! ಮೇಲೂ ಕೆಳಗೂ ಇರುವುದು ಬರೀ ಗಾಳಿ, ಅದಕ್ಕೂ ಗಿಲಾವು ಮಾಡಿದ ಲೆಕ್ಕ. ಹಾಗೆ ನೋಡಿದರೆ ಸಿಲಿಂಡರ್ ಎಂಬ ಹೆಸರನ್ನೇ ಹೊತ್ತ ಅಡುಗೆ ಗ್ಯಾಸಿನದಕ್ಕೆ ಈ ಎರಡೂ ಸೂತ್ರ ಹೊಂದುವುದಿಲ್ಲ. ಅದರ ತಲೆಯೂ ತಳವೂ ಉಬ್ಬಿಕೊಂಡಿವೆ.

ಲೀಟರಿನ ಗೊಂದಲಕ್ಕೆ ಬಣ್ಣದ ಡಬ್ಬಿಯದೂ ಪಾಲಿರಬಹುದು, ಬಣ್ಣ ಮಾರುವುದು ಲೀಟರಿನಲ್ಲೇ ತಾನೇ. ಬೇಸಿಗೆಯಲ್ಲಿ ನೀರು ಕಾಯದಿರಲೆಂದು ಟ್ಯಾಂಕಿಗೆ ಬಿಳಿ ಬಳಿಸುವವರು, 500 ಲೀಟರಿನದಕ್ಕೆ ಒಂದು ಡಬ್ಬಿ ಹಿಡಿಯಿತು, 1000 ಲೀಟರಿನದಕ್ಕೆ ಎರಡು ಬೇಕು ಎಂದು ತಂದುಬಿಡುತ್ತಾರೆ. ಎರಡೂ ಒಂದೇ ಆಕಾರದವಾದರೆ ನೀರು ದುಪ್ಪಟ್ಟಾದಾಗ ಮೈ ಸುಮಾರು 1.6 ಪಟ್ಟಷ್ಟೇ ಆಗುವುದು. ಎರಡನೇ ಡಬ್ಬಿಯಲ್ಲಿ ಮಿಕ್ಕದ್ದನ್ನು ಗೇಟಿಗೆ ಬಳಿಯಬಹುದು.